ಪಟ್ಟಣದ ಉದ್ಯಾನಗಳೂ ನೆಲದ ಗುಣವೂ

ಉದ್ಯಾನವೆಂದೊಡನೆ ಮಂಡ್ಯ ಜಿಲ್ಲೆಯವರ ಕಣ್ಣ ಮುಂದೆ ಬೃಂದಾವನವು ನಿಲ್ಲುತ್ತದೆ. ಇದು ಸಹಜವೇ. 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಆ ತೋಟವು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸ್ಥೆಗೂ ತಜ್ಞ ಕೃಂಬಿಗಲ್ ಅವರ ಕೌಶಲಕ್ಕೂ ಸಾಕ್ಷಿಯಾಗಿದೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಪುಟ್ಟ ಉದ್ಯಾನಗಳನ್ನೂ ಅದೇ ಅಚ್ಚಿನಲ್ಲಿ ಎರೆಯಹೊರಡುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. ಬೃಂದಾವನದ ಬೆನ್ನಿಗೆ 124.80 ಅಡಿಯವರೆಗೆ ನೀರು ನಿಲ್ಲುವ ಕನ್ನಂಬಾಡಿ ಕಟ್ಟೆಯುಂಟು. ನಾಗಮಂಗಲದ ಹುಲ್ಲುಹಾಸಿನ ಬೆನ್ನಿಗೆ ಏನುಂಟು?

ಲೆಕ್ಕವು ಸರಳವಾದುದು. ಒಂದು ಚದರ ಮೀಟರ್ ನೆಲದಿಂದ ಒಂದು ಮಿಲಿಮೀಟರಿನಷ್ಟು ನೀರು ಆವಿಯಾದರೆ ಒಂದು ಲೀಟರ್ ಹೋದಂತೆ. ಬೇಸಿಗೆಯಲ್ಲಿ ಹಸಿರು ಹುಲ್ಲಿನಿಂದ ದಿನಕ್ಕೆ 5 ಮಿಲಿಮೀಟರ್ ಹೋಗುವುದು ಹೆಚ್ಚೇನೂ ಅಲ್ಲ. ಹಾಗಾದರೆ 1000 ಚದರ ಮೀಟರ್ ಹುಲ್ಲುಹಾಸು ದಿನವೊಂದಕ್ಕೆ 5000 ಲೀಟರ್ ನೀರನ್ನು ಕುಡಿಯುತ್ತದೆ. ಆಳಿಗೆ 100 ಲೀಟರಿನಂತೆ ಹಿಡಿದರೆ ಇದು 50 ಮಂದಿಯ ಬಳಕೆಯ ನೀರು. ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವವರಿರುವ ಬೀದಿಯ ಪಕ್ಕದಲ್ಲಿ ಇಂತಹ ಹುಲ್ಲನ್ನು ಬೆಳೆಸುವುದು ನ್ಯಾಯವೇ ಎಂಬುದನ್ನು ವಾಚಕರೇ ವಿಚಾರಿಸಲಿ.

ಹೂವಿನ ಪಾತಿಗಳ ವಿಷಯದಲ್ಲಿ ಒಂದು ಊರಿನ ಕ್ರಮ ಇನ್ನೊಂದು ಊರಿಗೆ ಸಲ್ಲದು. ಶ್ರೀರಂಗಪಟ್ಟಣವು ಕಾವೇರಿಯ ನಡುಗಡ್ಡೆ; ಪಾಂಡವಪುರದ ಸೀಮೆಗೆ ವಿಶ್ವೇಶ್ವರಯ್ಯ ನಾಲೆಯ ನೀರುಂಟು. ನಾಲೆಯ ಬಯಲಿನಲ್ಲಿ ಅಂತರ್ಜಲವು ಮೇಲ್ಮೈಗೆ ಹತ್ತಿರವಾದಲ್ಲಿ ಬೇರಿಗೆ ಗಾಳಿಯಾಡುವುದಿಲ್ಲ. ಅಷ್ಟೇ ಅಲ್ಲ, ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೇಶಾಕರ್ಷಣದಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೀರು ಮೇಲೇರಿ ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ಉಳಿಯುತ್ತದೆ. ಅಂತಹಲ್ಲಿ ಪಾತಿಯನ್ನು ಎತ್ತರಿಸಿ, ಬದಿಯಲ್ಲಿ ಬಸಿಗಾಲುವೆ ತೆಗೆಯಬೇಕು. ನಾಗಮಂಗಲದ ಕೆಂಪುನೆಲದಲ್ಲಿ ಇದಕ್ಕೆ ತದ್ವಿರುದ್ಧವಾದ ಉಪಾಯವೇ ತಕ್ಕುದು: ಪಾತಿಯು ಕಾಲುದಾರಿಗಿಂತ ತಗ್ಗಿನಲ್ಲಿರಬೇಕು, ದಾರಿಯ ಮೇಲೆ ಬಿದ್ದ ಮಳೆಯೂ ಗಿಡದ ಬುಡಕ್ಕೇ ಹರಿದು ಬರಬೇಕು. ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿ ಹೇಮಾವತಿಯ ನಾಲೆಯ ನೆಲವೂ ಉಂಟು, ಮಳೆಯನ್ನೇ ನೆಚ್ಚಿದ ನೆಲವೂ ಉಂಟು. ಅಲ್ಲಿ ಗುಂಡಿ ತೋಡಿ ನೋಡಿಯೇ ತೀರ್ಮಾನಿಸತಕ್ಕದ್ದು. ಪಾತಿಯ ಮೇಲ್ಮಣ್ಣನ್ನು ಆಗಾಗ ಸಡಿಲಿಸಿದರೆ ಕೇಶನಾಳಗಳು ಕಡಿದು ತೇವ ಉಳಿಯುತ್ತದೆಂಬುದನ್ನು ರಾಗಿಯ ಹೊಲದಲ್ಲಿ ಕುಂಟೆ ಹೊಡೆಯುವ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಗದ್ದೆಯಲ್ಲಿ ಸುಟ್ಟು ಹಾಳಾಗುವ ಕಬ್ಬಿನ ಒಣಗರಿಯನ್ನು ಮೇಲೆ ಹೊದಿಸಿದರೆ ಇನ್ನೂ ಲೇಸು.

ಇನ್ನು ಆಟದ ಅಂಕಣಗಳು. ಈಗೀಗ ಉದ್ಯಾನದ ಮೂಲೆಯಲ್ಲಿ ನಾಲ್ಕು ಚೀಲ ಸಿಮೆಂಟು ಸುರಿದು ಅದನ್ನೇ ಅಂಕಣವೆಂದು ಕರೆಯುವ ಚಾಳಿ ಬೆಳೆಯುತ್ತಿದೆ. ಓಡುವ ಹುಡುಗ ಬಿದ್ದಾಗ ಅವನ ಮೊಣಕಾಲಿನ ಮೇಲೆ ಬೀಳುವ ಬಲವು, ಅದು ಎಷ್ಟು ದೂರದಲ್ಲಿ ನಿಂತಿತೆಂಬುದನ್ನು ಅವಲಂಬಿಸಿದೆ. ಆ ದೂರ ಅರ್ಧವಾದರೆ ಬಲ ಇಮ್ಮಡಿಯಾಗುತ್ತದೆ. ಮಣ್ಣು ಒಂದಿಷ್ಟು ತಗ್ಗುತ್ತದೆ, ಕಾಂಕ್ರೀಟು ತಗ್ಗುವುದಿಲ್ಲ. ಮೇಲಾಗಿ, ಸಂಜೆ ಚಿಮುಕಿಸಿದ ನೀರು ಆವಿಯಾಗುವಾಗ ಗ್ರಾಮೊಂದಕ್ಕೆ ಸುಮಾರು 580 ಕ್ಯಾಲೊರಿಯಷ್ಟು ಗುಪ್ತೋಷ್ಣವನ್ನು ನೆಲದಿಂದಲೇ ಬಹುಪಾಲು ಸೆಳೆದುಕೊಳ್ಳುತ್ತದೆ. ತೇವವನ್ನು ಹಿಡಿದಿಡುವ ಮಣ್ಣು ಹೀಗೆ ಬಹಳ ಹೊತ್ತು ತಂಪಾಗಿರುತ್ತದೆ; ಕಾಂಕ್ರೀಟಿನ ಮೇಲೆ ಚೆಲ್ಲಿದ ನೀರು ಕ್ಷಣದಲ್ಲಿ ಆರಿ, ಹಗಲು ನುಂಗಿದ ಬಿಸಿಲನ್ನು ಅದು ಇರುಳಿನವರೆಗೂ ಕಕ್ಕುತ್ತಿರುತ್ತದೆ.

ಮಣ್ಣಿನ ಅಂಕಣವು ಮಳೆಗೆ ಕೆಸರಾಗುವುದಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ನಿಜ, ಪರಿಹಾರವೂ ಉಂಟು. 18 ಮೀಟರ್ ಉದ್ದ, 9 ಮೀಟರ್ ಅಗಲದ ವಾಲಿಬಾಲ್ ಅಂಕಣದ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಅದು 3240 ಲೀಟರ್ ನೀರು. ಅಗಲದ ಕಡೆಗೆ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ಒಂದು ಅಂಚಿನಿಂದ ಇನ್ನೊಂದಕ್ಕೆ 9 ಸೆಂಟಿಮೀಟರ್ ತಗ್ಗು. ಆಡುವವನ ಕಾಲಿಗೆ ಅದು ತಿಳಿಯದು, ನೀರಿಗೆ ಚೆನ್ನಾಗಿ ತಿಳಿಯುತ್ತದೆ! ಜೇಡಿ ಹೆಚ್ಚಿದರೆ ನೆಲ ಬಿರಿಯುತ್ತದೆ, ಮರಳು ಹೆಚ್ಚಿದರೆ ಕಾಲು ಜಾರುತ್ತದೆ. ಎರಡರ ಹದವನ್ನು ಅರಿತವರು ನಮ್ಮಲ್ಲೇ ಇದ್ದಾರೆ. ಒಕ್ಕಣೆಗೆ ಕಣ ಮಾಡುವ ರೈತನು ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಹದ ಬಂದಾಗ ಬಡಿದು, ಸಗಣಿ ಸಾರಿಸುತ್ತಾನೆ. ಆ ವಿದ್ಯೆಯನ್ನು ಅಂಕಣಕ್ಕೆ ತಂದವರು ಎಷ್ಟು ಮಂದಿ?

ನಮ್ಮ ತಕರಾರು ಇಷ್ಟೇ. ಉದ್ಯಾನ ಕಟ್ಟುವುದಕ್ಕೆ ಹಣವಿರುತ್ತದೆ, ಫಲಕ ನೆಡುವುದಕ್ಕೂ ಇರುತ್ತದೆ. ಮರುವರ್ಷ ಮಾಲಿಯ ಸಂಬಳಕ್ಕೆ ಮಾತ್ರ ಇರುವುದಿಲ್ಲ. ಗುತ್ತಿಗೆಯವನು ಆರು ತಿಂಗಳಿಗೊಮ್ಮೆ ಬಂದು ಕಳೆ ಕಿತ್ತು ಹೋಗುವುದನ್ನು ನಿರ್ವಹಣೆಯೆಂದು ನಾವು ಒಪ್ಪಲಾರೆವು. ಊರಿನ ಮಣ್ಣನ್ನು ಬಲ್ಲ ಒಬ್ಬ ಕಾಯಂ ಮಾಲಿಯನ್ನು ಪ್ರತಿ ಉದ್ಯಾನಕ್ಕೂ ನೇಮಿಸಬೇಕು. ಅಂಕಣದ ಮೇಲ್ಪದರವನ್ನು ಕೆರೆದು, ತಗ್ಗು ತುಂಬಿ, ಉರುಳುಗಲ್ಲು ಹಾಯಿಸುವ ಕೆಲಸವು ಮುಂಗಾರು ಇಳಿಯುವ ಮೊದಲೇ, ಮೇ ತಿಂಗಳಲ್ಲಿ ಬೇಸಿಗೆಯ ಅಡ್ಡಮಳೆ ನೆಲವನ್ನು ಹದ ಮಾಡಿದ ಮರುದಿನವೇ, ನಡೆಯಬೇಕು. ಅಂದು ಮಂಜೂರಾತಿಗೆ ಕಾಗದ ಬರೆಯುತ್ತ ಕುಳಿತರೆ ಮಣ್ಣು ಕಾಯುವುದಿಲ್ಲ, ಎರಡು ದಿನದಲ್ಲಿ ಕಲ್ಲಾಗಿರುತ್ತದೆ.