ಪದುಮಳು ಎಲ್ಲಿದ್ದಳು?

ನೆಂಟರು ಸೇರಿದ ಮದುವೆಮನೆಯಿರಲಿ, ಹಳೆಯ ವಿದ್ಯಾರ್ಥಿಗಳ ಕೂಟವಿರಲಿ, ಭಾವಗೀತೆಯ ಮಾತು ಬಂದಾಗಲೆಲ್ಲ ಒಂದು ವಾದ ಹುಟ್ಟಿಕೊಳ್ಳುತ್ತದೆ: ‘ರಾಯರು ಬಂದರು’ ಹಾಡನ್ನು ಯಾರು ಹಾಡಿದ್ದು ಚೆಂದ? ಹಿರಿಯರಿಗೆ ಕ್ಯಾಸೆಟ್ಟಿನ ಕಾಲದ ಧ್ವನಿಯೇ ಸರಿ. ಮಣಿಪಾಲದಲ್ಲಿ ಓದುವ ಮೊಮ್ಮಕ್ಕಳಿಗೆ ಟಿ.ವಿ. ಸ್ಪರ್ಧೆಯಲ್ಲಿ ಕೇಳಿದ್ದೇ ಸೊಗಸು. ಮೊದಲು ಕಿವಿಗೆ ಬಿದ್ದದ್ದೇ ಶ್ರೇಷ್ಠವೆನ್ನುವುದು ಅಭ್ಯಾಸಬಲವೇ ಹೊರತು ವಿಮರ್ಶೆಯಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ಆ ರಾತ್ರಿ ಪದುಮಳು ಎಲ್ಲಿದ್ದಳೆಂಬುದು ಹಾಡುವವರಿಗೆ ಗೊತ್ತಿದೆಯೇ?

ಕೆ.ಎಸ್. ನರಸಿಂಹಸ್ವಾಮಿಯವರ (1915–2003) ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಕವಿತೆಯನ್ನು ವೇದಿಕೆಯ ಹಾಡಾಗಿಸಿದ ಮೊದಲಿಗರಲ್ಲಿ ನಮ್ಮ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು (1914–1981) ಪ್ರಮುಖರು. ಆ ದಾರಿಯನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮುಂದುವರಿಸಿದರು. 1978ರ ‘ನಿತ್ಯೋತ್ಸವ’ದ ನಂತರ ಭಾವಗೀತೆ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂತು. ಅಶ್ವತ್ಥ್ ರಾಗಸಂಯೋಜನೆಯಲ್ಲಿ, ರತ್ನಮಾಲಾ ಪ್ರಕಾಶರ ಕಂಠದಲ್ಲಿ ‘ರಾಯರು ಬಂದರು’ ಜನಪ್ರಿಯವಾಯಿತು. 1990ರ ದಶಕದ ಆರಂಭದಲ್ಲಿ ಟಿ.ಎಸ್. ನಾಗಾಭರಣರ ‘ಮೈಸೂರ ಮಲ್ಲಿಗೆ’ ಚಲನಚಿತ್ರ ಅದನ್ನು ಇನ್ನಷ್ಟು ಹರಡಿತು. ಆಮೇಲೆ ಹಾಡಿದವರಿಗೆ ಲೆಕ್ಕವಿಲ್ಲ.

ಕಥೆ ಸರಳ. ಅಳಿಯ ರಾತ್ರಿ ಮಾವನ ಮನೆಗೆ ಬರುತ್ತಾನೆ. ಉಪಚಾರಕ್ಕೆ ಕೊರತೆಯಿಲ್ಲ, ಆದರೆ ಹೆಂಡತಿಯ ಸುಳಿವಿಲ್ಲ. ಬೆಳಗಾದೊಡನೆ ಮುನಿಸಿಕೊಂಡು ಹೊರಟು ನಿಂತಾಗ, ಒಳಮನೆಯಲ್ಲಿ ನೀರು ಕಾದಿದೆಯೆಂದು ನಾದಿನಿ ಹೇಳುತ್ತಾಳೆ. ಯಾರಿಗೆ? ಪದುಮಳಿಗೆ. ಅವಳು ‘ಹೊರಗಾಗಿ’ದ್ದಳು, ಆ ನೀರು ಅವಳ ಸ್ನಾನಕ್ಕೆ. ಮುಟ್ಟಿನ ವಿಷಯವನ್ನು ಹೆಸರೆತ್ತದೆಯೇ ಕವಿ ಹೇಳಿ ಮುಗಿಸಿದ್ದಾರೆ.

ಇದನ್ನು ತಿಳಿದು ಹಾಡಿದರೆ, ಪದುಮಳು ಮನೆಯೊಳಗಿಲ್ಲವೆಂಬ ಪಲ್ಲವಿ ಒಮ್ಮೆ ಹಾಡಿದಂತೆ ಮತ್ತೊಮ್ಮೆ ಬರುವುದಿಲ್ಲ. ಮೊದಲು ನಿರೀಕ್ಷೆ, ಆಮೇಲೆ ತಳಮಳ, ಕೊನೆಗೆ ಹುಸಿಮುನಿಸು. ತಿಳಿಯದೆ ಹಾಡಿದರೆ ಅದು ಬರಿಯ ತಾಳಕ್ಕೆ ಕುಣಿಯುವ ಪದವಾಗುತ್ತದೆ. ಉಡುಪಿಯ ಮದುವೆ ಮಂಟಪಗಳ ಆರ್ಕೆಸ್ಟ್ರಾಗಳಲ್ಲಿ ಅದು ಹಾಗಾದದ್ದನ್ನು ಹಲವು ಸಲ ಕೇಳಿದ್ದೇನೆ. ಹೊಸ ಗಾಯಕರು ಬೇಡವೆಂದಲ್ಲ. ಒಂದೇ ಪದ್ಯವನ್ನು ಹತ್ತು ಮಕ್ಕಳು ಓದಿದರೆ ಹತ್ತು ಬಗೆಯಲ್ಲಿ ಅರಳುತ್ತದೆಂಬುದನ್ನು ತರಗತಿಯಲ್ಲಿಯೇ ಕಂಡವಳು ನಾನು. ಅರ್ಥ ಹಿಡಿದ ಓದು ಹೇಗಿದ್ದರೂ ಸೊಗಸು.

ಕಾಪು, ಕಾರ್ಕಳಗಳಲ್ಲಿ ಪಾಠ ಮಾಡುವಾಗ ಈ ಕವಿತೆಯ ಮಾತು ಬಂದರೆ ಅರ್ಥವನ್ನು ಮುಚ್ಚಿಡದೆ ಬಿಡಿಸಿ ಹೇಳುತ್ತಿದ್ದೆ. ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಹುಡುಗರು ಮೊದಲು ನಕ್ಕು, ಆಮೇಲೆ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಒಂದು ಪಾಠವಿತ್ತು. ನಾನೂ ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆಯೊಡನೆ ಮೂರು ದಿನ ಕಳೆದವಳೇ. ಆ ಪದ್ಧತಿ ಅನೇಕ ಮನೆಗಳಿಂದ ತೊಲಗಿದೆ, ತೊಲಗಿದ್ದೇ ಒಳ್ಳೆಯದಾಯಿತು. ಆದರೆ ಪದ್ಧತಿ ಹೋಯಿತೆಂದು ಅದರ ನೆನಪೂ ಅಳಿದರೆ, ಈ ಹಾಡು ಗಂಡನೊಬ್ಬನ ವಿರಹವಾಗಿ ಮಾತ್ರ ಉಳಿಯುತ್ತದೆ. ಗಂಡ ಬಂದದ್ದನ್ನು ತಿಳಿದೂ ಎದುರಿಗೆ ಬರಲಾಗದೆ ರಾತ್ರಿ ಕಳೆದ ಹೆಣ್ಣೊಬ್ಬಳೂ ಆ ಮನೆಯಲ್ಲಿದ್ದಳು. ರಾಯರಿಗೆ ಕಾದದ್ದು ಒಂದು ರಾತ್ರಿ. ಅವಳಿಗೆ ಇದು ತಿಂಗಳು ತಿಂಗಳೂ ಬರುವ ದೂರ.

ಆದ್ದರಿಂದ, ಮಕ್ಕಳೇ, ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಈ ಹಾಡನ್ನು ಕಲಿಯುವಾಗ ಶ್ರುತಿ ಸೇರಿತೇ, ತಾಳ ತಪ್ಪಿತೇ ಎಂದಷ್ಟೇ ನೋಡಬೇಡಿ. ಹತ್ತಿರ ಕೂರಿಸಿಕೊಂಡು, ಆ ಬಿಸಿನೀರು ಯಾರಿಗಾಗಿ ಕಾದಿತ್ತೆಂಬುದನ್ನು ಹೇಳಿ. ಆಮೇಲೆ ಅವರಿಗೆ ಇಷ್ಟಬಂದ ಬಗೆಯಲ್ಲಿ ಹಾಡಲಿ.