ಹಿಮದ ರಜೆಗೂ ಲಾಗಿನ್ ಬೇಕಾ?

ಬಾಸ್ಟನ್, ನ್ಯೂಯಾರ್ಕ್ ಕಡೆ ಇರುವ ನಮ್ಮ ಐಟಿ ಬಂಧುಗಳ ಚಳಿಗಾಲದ ಹರಟೆಯಲ್ಲಿ ಎರಡು ಡೈಲಾಗು ಗ್ಯಾರಂಟಿ. ಒಂದು: "ಇಷ್ಟು ಹಿಮ ಬಿದ್ದಿದ್ದಕ್ಕೆ ಶಾಲೆಗೆ ರಜಾನಾ? ನಾವು ಜಡಿಮಳೆಯಲ್ಲಿ ಹಳ್ಳ ದಾಟಿ ಹೋಗ್ತಿರ್ಲಿಲ್ವಾ?" ಇನ್ನೊಂದು: "ರಜೆ ಯಾಕ್ರೀ? ಮಕ್ಕಳ ಹತ್ರ ಲ್ಯಾಪ್‌ಟಾಪ್ ಇದೆಯಲ್ಲ, ಆನ್‌ಲೈನ್ ಕ್ಲಾಸ್ ಮಾಡ್ಲಿ." ಎರಡೂ ತಪ್ಪು. ಎರಡನೆಯದು ಅಪಾಯಕಾರಿ ಕೂಡ.

ಈ ಹಿಮ ಬರೋದು ಹೇಗೆ ಅಂತ ಮೊದಲು ನೋಡಿ. ಅಮೆರಿಕದ ಈಶಾನ್ಯ ಕರಾವಳಿಗೆ ಒಂದು ಕಡೆಯಿಂದ ಕೆನಡಾದ ಕೊರೆಯುವ ಒಣಗಾಳಿ ಇಳಿಯುತ್ತೆ. ಇನ್ನೊಂದು ಕಡೆ ಕಡಲಿನಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಪ್ರವಾಹ. ಎರಡೂ ಸೇರುವಲ್ಲಿ ವಾಯುಭಾರ ಕುಸಿದು, ದಡದಗುಂಟ ಉತ್ತರಕ್ಕೆ ಹೊರಡುವ ಬಿರುಗಾಳಿಯೇ ‘ನಾರ್‌ಈಸ್ಟರ್’. ಗಾಳಿ ಈಶಾನ್ಯದಿಂದ ಬೀಸುವುದರಿಂದ ಆ ಹೆಸರು. ಅದು ದಡಕ್ಕೆ ತೀರಾ ಹತ್ತಿರ ಬಂದರೆ ಕಡಲ ಬೆಚ್ಚನೆ ಗಾಳಿ ಒಳನುಗ್ಗಿ ಬಾಸ್ಟನ್ನಿನಲ್ಲಿ ಬರೀ ಮಳೆ. ತೀರಾ ದೂರ ಹೋದರೆ ಏನೂ ಇಲ್ಲ. ನಡುವೆ ಸಾಗಿದರೆ ರಾಶಿ ರಾಶಿ ಹಿಮ. ಒಂದು ಇಂಚು ಮಳೆಯಾಗಬಹುದಾಗಿದ್ದ ನೀರು ಸುಮಾರು ಹತ್ತು ಇಂಚು ಹಿಮವಾಗಿ ಕೂರುತ್ತೆ. ಇಷ್ಟೊಂದು ಅನುಮಾನಗಳನ್ನು ಇಟ್ಟುಕೊಂಡೇ ಶಾಲಾ ಆಡಳಿತದವರು ಹಿಂದಿನ ರಾತ್ರಿಯೋ ಬೆಳಗಿನ ಜಾವವೋ, ಬಸ್ಸುಗಳು ಹೊರಡುವ ಮುಂಚೆ, ನಿರ್ಧಾರ ಹೇಳಬೇಕು.

ಅವರು ಪುಕ್ಕಲರಲ್ಲ, ಪೆಟ್ಟು ತಿಂದವರು. 1978ರ ಫೆಬ್ರವರಿ 6–7ರ ಬಿರುಗಾಳಿಯಲ್ಲಿ ಬಾಸ್ಟನ್ ಮೇಲೆ 27 ಇಂಚು ಹಿಮ ಬಿತ್ತು. ರೂಟ್ 128 ಹೆದ್ದಾರಿಯಲ್ಲಿ ಸಾವಿರಾರು ವಾಹನಗಳು ನಿಂತಲ್ಲೇ ಹೂತುಹೋದವು. ಹತ್ತಾರು ಜನ ಸತ್ತರು. 2014–15ರ ಒಂದೇ ಚಳಿಗಾಲದಲ್ಲಿ ಅದೇ ಊರಿಗೆ 110.6 ಇಂಚು ಸುರಿಯಿತು. ಮಳೆನೀರು ಹರಿದುಹೋಗುತ್ತೆ, ಹಿಮ ಹೋಗಲ್ಲ. ರಸ್ತೆಯಿಂದ ಬಾಚಿದ್ದೆಲ್ಲ ಬದಿಯಲ್ಲಿ ಗುಡ್ಡೆಯಾಗಿ, ಮಕ್ಕಳು ವಾಹನಗಳ ನಡುವೆಯೇ ನಡೆಯಬೇಕಾಗುತ್ತೆ.

ಇನ್ನು ನಮ್ಮ ಹಳ್ಳ ದಾಟಿದ ಶೌರ್ಯ. ನಾನೂ ಹಳ್ಳಿಯವನೇ ಮಾರಾಯ್ರೆ. ದಾಟಿದವರು ಇವತ್ತು ಕತೆ ಹೇಳ್ತಿದ್ದೀವಿ. ಕಾಲುಸಂಕದಿಂದ ಜಾರಿದ ಮಕ್ಕಳು ಹೇಳೋಕೆ ಉಳಿದಿಲ್ಲ. ಇವತ್ತು ದಕ್ಷಿಣ ಕನ್ನಡ, ಉಡುಪಿಗಳಲ್ಲಿ ರೆಡ್ ಅಲರ್ಟ್ ಬಂದರೆ ಡಿಸಿ ರಜೆ ಕೊಡ್ತಾರೆ. ಅದು ಬುದ್ಧಿ ಬಂದಿರುವುದರ ಲಕ್ಷಣ, ಮಕ್ಕಳು ಮೆತ್ತಗಾಗಿರುವುದರ ಲಕ್ಷಣವಲ್ಲ.

ಈಗ ಲ್ಯಾಪ್‌ಟಾಪ್ ವಾದ. ನ್ಯೂಯಾರ್ಕ್ ನಗರ ಕೋವಿಡ್ ನಂತರ ಹಿಮದ ರಜೆಯನ್ನೇ ಕೈಬಿಟ್ಟು ಆನ್‌ಲೈನ್ ಪಾಠಕ್ಕೆ ಹೋಯಿತು. 2024ರ ಫೆಬ್ರವರಿ 13ರಂದು ಹಿಮ ಬಿತ್ತು, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗಲು ಹೋಗಿ ಎಷ್ಟೋ ಮಕ್ಕಳು, ಮೇಷ್ಟ್ರುಗಳು ಹೊರಗೇ ಉಳಿದರು. ನಮ್ಮ ಕಸುಬಿನವರಿಗೆ ಇದೇನು ಹೊಸದಲ್ಲ. ಸರ್ವರ್ ಸಮಸ್ಯೆಯನ್ನು ಸರಿಮಾಡಬಹುದು. ನನ್ನ ತಕರಾರು ಅದರ ಬಗ್ಗೆ ಅಲ್ಲ.

ಹಿಮದ ದಿನವೂ ಡ್ಯೂಟಿಗೆ ಹೋಗಲೇಬೇಕಾದ ನರ್ಸು, ಹಿಮ ಬಾಚುವ ಲಾರಿಯ ಡ್ರೈವರು, ಆಸ್ಪತ್ರೆ ಗುಡಿಸುವವರ ಮನೆ ನೆನೆಸಿಕೊಳ್ಳಿ. ಆರು ವರ್ಷದ ಮಗುವಿಗೆ ಪಾಸ್‌ವರ್ಡ್ ಹಾಕಿಕೊಡೋರು ಯಾರು? ವರ್ಕ್ ಫ್ರಮ್ ಹೋಮ್ ಮಾಡುವ ನಮ್ಮ ಮಗು ಹಾಜರ್, ಅವರ ಮಗು ಗೈರುಹಾಜರ್. ರಜೆ ಕೊಟ್ಟರೂ ಆ ಮಗು ಒಂಟಿಯೇ ಅಲ್ವಾ ಅಂತ ಕೇಳಬಹುದು. ಹೌದು. ಶಾಲೆಯ ಊಟವೂ ತಪ್ಪುತ್ತೆ. ಹಾಗಿದ್ರೆ ಬೆಚ್ಚಗಿನ ಜಾಗ ಕೇಳಿ, ಊಟ ಕೇಳಿ, ಅಪ್ಪ ಅಮ್ಮನಿಗೆ ಸಂಬಳ ಕತ್ತರಿಸದ ರಜೆ ಕೇಳಿ. ವಿಡಿಯೋ ಕಾಲಿನ ಲಿಂಕು ಇದ್ಯಾವುದನ್ನೂ ಕೊಡಲ್ಲ.

ಪಾಠದ ದಿನ ಕಡಿಮೆಯಾಗುತ್ತೆ ಅನ್ನೋದು ನಿಜವಾದ ಆತಂಕ. ನ್ಯೂಯಾರ್ಕಿನ ಕ್ಯಾಲೆಂಡರಿನಲ್ಲಿ ಈಗ ದೀಪಾವಳಿ ರಜೆಯೂ ಸೇರಿ ಜಾಗ ಬಿಗಿಯಾಗಿದೆ. ಇದಕ್ಕೆ ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಉಪಾಯವಿದೆ. ವರ್ಷಕ್ಕೆ 180 ದಿನ ಶಾಲೆ ನಡೆಯಬೇಕು, ಹಿಮದಲ್ಲಿ ಹೋದ ದಿನವನ್ನು ಜೂನ್‌ನಲ್ಲಿ ಸೇರಿಸ್ತಾರೆ. ನಮ್ಮೂರಲ್ಲೂ ಮಳೆ ರಜೆಗೆ ಶನಿವಾರ ಪೂರ್ತಿ ಶಾಲೆ ಮಾಡಿ ಸರಿತೂಗಿಸೋದಿಲ್ವಾ? ಹಾಗೇ. ಪ್ರಾಜೆಕ್ಟ್ ಪ್ಲಾನಿನಲ್ಲಿ ನಾಲ್ಕು ದಿನ ಬಫರ್ ಕೊಡಿ ಅಂತ ಮ್ಯಾನೇಜರ್ ಹತ್ರ ಗೋಗರೆಯುವ ನಾವು, ಮಕ್ಕಳ ಕ್ಯಾಲೆಂಡರಿನ ಬಫರನ್ನು ಕಿತ್ತುಕೊಳ್ಳೋದು ಯಾವ ನ್ಯಾಯ?

ನೆರೆ ಬಂದು ರಸ್ತೆ ಮುಳುಗಿದ ದಿನವೂ "ಮನೆಯಿಂದಲೇ ಕೆಲಸ ಮಾಡಿ" ಎಂಬ ಮೆಸೇಜಿಗೆ ನಾವು ತಲೆಯಾಡಿಸಿಬಿಟ್ವಿ. ಅದು ನಮ್ಮ ಹೊಟ್ಟೆಪಾಡು. ಒಂದನೇ ಕ್ಲಾಸಿನ ಮಗುವಿಗೆ ಯಾವ ಡೆಡ್‌ಲೈನ್ ಇದೆ? ಹಿಮದ ದಿನ ಆನ್‌ಲೈನ್ ಕ್ಲಾಸ್ ಬೇಕಾ ಅಂತ ಶಾಲೆಯವರು ನಿಮ್ಮನ್ನು ಕೇಳಿದರೆ, ದಯವಿಟ್ಟು ಬೇಡ ಅನ್ನಿ. ಜೂನ್‌ನಲ್ಲಿ ಒಂದು ದಿನ ಹೆಚ್ಚಿಗೆ ಕಳಿಸ್ತೀವಿ ಅನ್ನಿ.