ಪದವಿಯೂ ಲೆಕ್ಕವೂ

ಹೆಸರು ಘನವಾದ ಮಾತ್ರಕ್ಕೆ ಪದವಿ ಘನವಾಗುವುದಿಲ್ಲ. ಅದಕ್ಕೆ ಅವಧಿಯೂ ಲೆಕ್ಕವೂ ಇರಬೇಕೆಂಬುದು ನನ್ನ ಅಭಿಪ್ರಾಯ. ಎರಡು ಹಳೆಯ ಪದವಿಗಳನ್ನು ಹೋಲಿಸಿದರೆ ಇದು ಸ್ಪಷ್ಟವಾದೀತು.

ಒಂದು, ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯದು. ಕದಂಬರ ಕಾಲದಲ್ಲಿ ಪಲಾಶಿಕೆ ಎನಿಸಿದ್ದ ಈ ಊರಿನಲ್ಲಿ ದೊರೆತ ತಾಮ್ರಶಾಸನಗಳಲ್ಲಿ ‘ಭೋಜಕ’ ಎಂಬ ಪದವಿ ಬರುತ್ತದೆ. ಸಂಸ್ಕೃತದಲ್ಲಿ ‘ಭುಜ್’ ಎಂದರೆ ಉಣ್ಣು, ಅನುಭವಿಸು. ಊರಿನ ಹುಟ್ಟುವಳಿಯನ್ನು ಅನುಭವಿಸುವವನೇ ಭೋಜಕ. ಐದನೆಯ ಶತಮಾನದಲ್ಲಿ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿ ಕೊಟ್ಟನು. ಮುಂದೆ ರವಿವರ್ಮನ ಶಾಸನದಲ್ಲಿಯೂ ಅದೇ ಮನೆತನದವರು ಕಾಣುತ್ತಾರೆ. ಅವರು ಜಿನಾಲಯಕ್ಕೆ ದಾನ ಮಾಡಿದ್ದು ನಿಜ. ಆದರೆ ಊರವರು ಅವರ ಲೆಕ್ಕ ಕೇಳಿದ ಮಾತು ಅಲ್ಲಿಲ್ಲ.

ಇನ್ನೊಂದು, ಮಧ್ಯಯುಗದ ಇಟಲಿಯ ‘ಪೊದೆಸ್ತಾ’. ಅಧಿಕಾರವೆಂಬ ಅರ್ಥದ ‘ಪೊತೆಸ್ತಾಸ್’ ಎಂಬ ಲ್ಯಾಟಿನ್ ಮಾತೇ ಅದರ ಮೂಲ. ಹೆಸರು ಕೇಳಿದರೆ ಭಯವಾಗಬೇಕು! ಆದರೆ ಅಲ್ಲಿಯ ಪಟ್ಟಣಗಳು ಆ ಅಧಿಕಾರಕ್ಕೆ ಮೂಗುದಾರ ಹಾಕಿದವು. ಒಳಗಿನ ಪಕ್ಷಗಳ ಜಗಳಕ್ಕೆ ಬೇಸತ್ತು ಹೊರಊರಿನವನನ್ನು ಕರೆತಂದವು; ಫ್ಲಾರೆನ್ಸ್ 1207ರಲ್ಲಿ ಮಿಲಾನಿನವನೊಬ್ಬನನ್ನು ಕರೆಯಿತು. ಅವಧಿ ಸಾಮಾನ್ಯವಾಗಿ ಆರು ತಿಂಗಳು ಇಲ್ಲವೆ ಒಂದು ವರ್ಷ. ಅವಧಿ ಮುಗಿದ ಮೇಲೆ ಅವನು ಊರಿನಲ್ಲಿಯೇ ನಿಂತು, ತನ್ನ ಮೇಲಿನ ದೂರುಗಳಿಗೆ ಉತ್ತರ ಕೊಟ್ಟೇ ಹೋಗಬೇಕಾಗಿತ್ತು.

1926ರಲ್ಲಿ ಮುಸೊಲಿನಿಯ ಸರಕಾರ ಚುನಾಯಿತ ನಗರಾಧ್ಯಕ್ಷರನ್ನು ತೆಗೆದು, ಮೇಲಿನಿಂದ ನೇಮಿಸಿದವರಿಗೆ ಇದೇ ಹೆಸರಿಟ್ಟಿತು. ಹೆಸರು ಉಳಿಯಿತು, ಮೂಗುದಾರ ಕಳಚಿತು.

ಹೀಗಿರಲು, ನಮ್ಮ ಪಂಚಾಯಿತಿಯ ‘ಅಧ್ಯಕ್ಷ’ ಎಂಬ ಹೆಸರನ್ನು ನೋಡಿರಿ. ಅದರಲ್ಲಿರುವ ‘ಅಕ್ಷ’ ಎಂದರೆ ಕಣ್ಣು. ಎಲ್ಲದರ ಮೇಲೆ ಕಣ್ಣಿಡುವವನು ಅಧ್ಯಕ್ಷ. ಅವನ ಮೇಲೆ ಕಣ್ಣಿಡುವವರು ಯಾರು? ಗ್ರಾಮಸಭೆಯೆಂದು 1993ರ ಪಂಚಾಯತ್ ರಾಜ್ ಅಧಿನಿಯಮ ಹೇಳುತ್ತದೆ. ಆದರೆ ಆ ಸಭೆಗೆ ನಮ್ಮಲ್ಲಿ ಹೋಗುವವರೆಷ್ಟು ಮಂದಿ?

ನಮ್ಮ ಮನೆತನದಲ್ಲಿ ಬಿ.ಎ.ವರೆಗೆ ಬಂದವರಲ್ಲಿ ನಾನೇ ಮೊದಲು. ಸಭೆಯಲ್ಲಿ ಓದಿದ ಜಮಾಖರ್ಚಿಗೆ ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿ ಬಂದವರು. ಅದನ್ನು ಕೇಳಿ ಪಡೆದು, ಸಾಲುಸಾಲಾಗಿ ಓದಿ ಅವರಿಗೆ ತಿಳಿಸುವಷ್ಟು ವಿದ್ಯೆ ಈಗ ನಮಗಿದೆ. ಬಿ.ಎ.ಯನ್ನೂ ನಾವು ಪದವಿ ಎಂದೇ ಕರೆಯುತ್ತೇವೆ. ಹೆಸರಿನ ಮುಂದೆ ಎರಡಕ್ಷರ ಬರೆದುಕೊಂಡು ಅದರ ಫಲವನ್ನು ಉಣ್ಣುತ್ತ ಕುಳಿತರೆ ನಾವೂ ಭೋಜಕರೇ ಅಲ್ಲವೇ? ಸಹಪಾಠಿಗಳೇ, ಮುಂದಿನ ಗ್ರಾಮಸಭೆಗೆ ಹೋಗೋಣ, ಲೆಕ್ಕ ಕೇಳೋಣ. ಊರವರು ನಮ್ಮ ಲೆಕ್ಕವನ್ನೂ ಕೇಳಲಿ.